ಎರಡು ಸಲ ಜಗ್ಗಿದ ಹಗ್ಗ

ಮಕ್ಕಳು ಮಲಗಿದವಾ? ಹಾಗಾದರೆ ಹತ್ತಿರ ಬನ್ನಿ, ಜೋರಾಗಿ ಹೇಳುವ ಮಾತಲ್ಲ ಇದು. ನನ್ನ ಚಿಕ್ಕಮ್ಮನ ಮಗಳಿಗೆ ಆದದ್ದು. ಅವಳು ಸುಳ್ಳು ಹೇಳುವ ಪೈಕಿ ಅಲ್ಲ, ಹೇಳೋಕೆ ಅವಳಿಗೆ ಪುರಸೊತ್ತೂ ಇಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ, ಮಾತು ಬಾರದ ಕೂಸು, ಗಂಡ ಲಾರಿ ಹತ್ತಿ ಊರೂರು.

ಅವತ್ತು ಕೆರೆ ಕೋಡಿ ಬಿದ್ದಿದೆ ಅಂತ ಮಧ್ಯಾಹ್ನವೇ ಸುದ್ದಿ ಬಂದಿತ್ತು. ಬೇಗ ಬಿಡಿ ಸರ್ ಅಂತ ಇವಳು ಕೇಳಿದರೆ, "ನಿಮ್ಮ ಬೀದಿಗೆ ನೀರು ಬಂದರೆ ನಾನೇನು ಬಾಯಿ ಹಾಕಿ ಕುಡೀಲಾ?" ಅಂದನಂತೆ ಅವಳ ಸೂಪರ್‌ವೈಸರ್. ಅವನ ಬಾಯಿಗಿಷ್ಟು. ರಾಶಿ ಬಟ್ಟೆ ಒಗೆದು ಮುಗಿಸಿ, ಮಗುವನ್ನು ದುಪಟ್ಟಾದಲ್ಲಿ ಬೆನ್ನಿಗೆ ಬಿಗಿದುಕೊಂಡು, ಅವಳು ಬೀದಿ ತುದಿಯ ಆಲದ ಮರದ ಹತ್ತಿರ ಬರುವಾಗ ಗವ್ವೆನ್ನುವ ಕತ್ತಲು. ಕರೆಂಟ್ ಇಲ್ಲ. ನೀರು ತೊಡೆಯವರೆಗೆ...

ಆ ಬೀದಿಯ ಸಂಗತಿ ಮೊದಲು ಹೇಳಬೇಕು. ಕೆರೆ ತುಂಬಿ ಹರಿದಾಗಲೆಲ್ಲ ನೀರಿನ ಜೊತೆ ಮೊಸಳೆಯೂ ಒಳಗೆ ಬರುತ್ತೆ. ಬಾಡಿಗೆ ಕೊಡದ ನೆಂಟನ ಹಾಗೆ. ಅದಕ್ಕೇ ಪ್ರತಿ ಮಳೆಗಾಲ ಆಲದ ಮರದಿಂದ ಕೊನೇ ಮನೆಯವರೆಗೆ, ಒಂದೊಂದು ಗೇಟಿನ ಸರಳಿನಲ್ಲೂ ತೂರಿಸಿ, ನಾರಿನ ಹಗ್ಗ ಕಟ್ಟುತ್ತಿದ್ದರು. ನೀರಲ್ಲಿ ನಡೆಯುವವರು ಅದನ್ನು ಹಿಡಿದೇ ನಡೆಯಬೇಕು. ಏನಾದರೂ ಕಂಡರೆ ಎರಡು ಸಲ ಜಗ್ಗಬೇಕು. ಜಗ್ಗಿದ್ದು ಗೊತ್ತಾಯಿತೋ, ಹಗ್ಗ ಹಿಡಿದವರೆಲ್ಲ ಕೈಗೆ ಸಿಕ್ಕಿದ್ದನ್ನು ಹತ್ತಿ ಕೂರಬೇಕು. ಎಷ್ಟು ಜೀವ ಉಳಿಸಿದ ಹಗ್ಗವೋ ಅದು.

ಬೀದಿ ಮಧ್ಯದ ಮಹಡಿ ಮನೆ ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರದು. ಇದಕ್ಕೂ ಹಿಂದಿನ ವರ್ಷ ಆ ಮಹಾನುಭಾವರು ಹೊಸ ಗೇಟು ಹಾಕಿಸಿದರು. ಹಗ್ಗ ಉಜ್ಜಿ ಬಣ್ಣ ಹೋಗುತ್ತೆ ಅಂತ ತಮ್ಮ ಗೇಟಿನ ಹತ್ತಿರ ಅದನ್ನು ಕತ್ತರಿಸಿ ಬಿಸಾಕಿದರು. ಯಾರಿಗೂ ಹೇಳಲಿಲ್ಲ, ಗೊತ್ತಾದದ್ದು ಆಮೇಲೆ. ಅದೇ ಮಳೆಗಾಲ, ನೀರು ಬಂದ ಒಂದು ಸಂಜೆ, ಮರದ ಹತ್ತಿರ ನಿಂತವರು ಮೊಸಳೆ ಕಂಡು ಜಗ್ಗಿದರು, ಜಗ್ಗಿದರು... ಗೇಟಿನ ಅತ್ತ ಕಡೆ ಉಳಿದ ತುಂಡು ಹಿಡಿದು ಬರುತ್ತಿದ್ದ ಹೊಲಿಗೆ ಅತ್ತೆಗೆ ಏನೂ ಗೊತ್ತಾಗಲಿಲ್ಲ.

ಹೊಲಿಗೆ ಅತ್ತೆ ಅಂದರೆ ಬೀದಿಗೆಲ್ಲ ಬಟ್ಟೆ ಹೊಲಿದುಕೊಡುತ್ತಿದ್ದ ದಪ್ಪ ಹೆಂಗಸು. ಎಲ್ಲರನ್ನೂ ಕತ್ತೆ ಅಂತಲೇ ಕರೆಯೋಳು. ಮೊಮ್ಮಗನೂ ಕತ್ತೆ, ಅಧ್ಯಕ್ಷನೂ ಕತ್ತೆ. ನೀರು ಇಳಿದ ಮೇಲೆ ಅವಳದು ಏನು ಸಿಕ್ಕಿತು ಅಂತ ನಾನು ಹೇಳಲ್ಲ.

ಮಣ್ಣು ಮಾಡಿ ಬಂದವರೇ ಸಭೆ ಸೇರಿದರು. "ಮೊಸಳೆ ಅಂತ ಬಾಯಿ ಬಿಟ್ಟರೆ ನಮ್ಮ ಮನೆಗಳನ್ನು ಕೊಳ್ಳೋಕೆ ಒಂದು ನರಪಿಳ್ಳೆಯೂ ಬರಲ್ಲ," ಅಂದರು ಅಧ್ಯಕ್ಷರು. "ಕಾಲು ಜಾರಿ ಬಿದ್ದರು ಅನ್ನಿ. ಇನ್ನು ಹಗ್ಗವೂ ಬೇಡ. ಹಗ್ಗ ಕಟ್ಟಿದರೆ ನಾವೇ ಡಂಗುರ ಸಾರಿದ ಹಾಗೆ." ಎಲ್ಲರೂ ತಲೆ ಆಡಿಸಿದರು. ನಮ್ಮ ಚಿಕ್ಕಮ್ಮನೂ. ಇವತ್ತಿಗೂ ನಾನು ಅವಳ ಹತ್ತಿರ ಮುಖ ಕೊಟ್ಟು ಮಾತಾಡಲ್ಲ.

ಹಾಗಾಗಿ ಮರುವರ್ಷ ಹಗ್ಗ ಇರಲಿಲ್ಲ. ಆದರೆ ಕತ್ತಲಲ್ಲಿ ಮರ ತಡವಿದಾಗ ನನ್ನ ತಂಗಿಯ ಕೈಗೆ ಹಗ್ಗ ಸಿಕ್ಕಿತು. ಒದ್ದೆ, ಒರಟು, ಬಿಗಿ. ಯಾರೋ ಪುಣ್ಯಾತ್ಮರು ಅಧ್ಯಕ್ಷರ ಕಣ್ಣು ತಪ್ಪಿಸಿ ಕಟ್ಟಿದ್ದಾರೆ ಅಂದುಕೊಂಡಳು. ಹಿಡಿದು ನಡೆದಳು. ಚಳಕ್... ಚಳಕ್... ಅವಳ ಕಾಲಿನದೇ ಸದ್ದು. ಸುತ್ತ ಕಪ್ಪೆಗಳ ವಟವಟ.

ಮಹಡಿ ಮನೆಯ ಎದುರಿಗೆ ಬಂದಾಗ ಕಪ್ಪೆಗಳೆಲ್ಲ ಒಟ್ಟಿಗೆ ಸುಮ್ಮನಾದವು.

ಹಗ್ಗ ಕಿರ್ರ್ ಅಂತು. ಒಂದು ಸಲ ಜಗ್ಗಿತು. ಇನ್ನೊಂದು ಸಲ...

"ಯಾರದು?" ಅಂದಳು ಮೆಲ್ಲಗೆ.

ಕಿವಿಯ ಹತ್ತಿರವೇ ಉಸಿರು. "ಹತ್ತೇ ಕತ್ತೆ... ಹತ್ತು."

ಕೇಳಿದ ದನಿ. ಯೋಚನೆ ಮಾಡಲಿಲ್ಲ ಅವಳು. ಗೇಟಿನ ಸರಳು ಹಿಡಿದು, ಅಡ್ಡಪಟ್ಟಿಯ ಮೇಲೆ ಕಾಲಿಟ್ಟು ಹತ್ತಿಬಿಟ್ಟಳು. ಅವಳ ಹಿಮ್ಮಡಿಯ ಕೆಳಗೆ ಏನೋ ಗೇಟಿಗೆ ಉಜ್ಜಿಕೊಂಡು ಹೋಯಿತು. ಸರ್ರ್... ಮರಳುಕಾಗದ ಎಳೆದ ಹಾಗೆ. ಬಹಳ ಹೊತ್ತು ಉಜ್ಜಿತು. ಅಷ್ಟು ಉದ್ದ.

ಮಹಡಿಯ ಕಿಟಕಿ ತೆರೆಯಿತು. ಟಾರ್ಚ್ ಬೆಳಕು ಅವಳ ಮುಖಕ್ಕೆ ಬಿತ್ತು.

"ಯಾರದು ಗೇಟ್ ಮೇಲೆ? ಇಳಿಯಮ್ಮ."

"ಸರ್, ಬೀಗ ತೆಗೀರಿ. ಬೆನ್ನಲ್ಲಿ ಮಗು ಇದೆ. ಕೆಳಗೆ ಮೊಸಳೆ."

"ನಮ್ಮ ಬೀದೀಲಿ ಮೊಸಳೆ ಇಲ್ಲ."

"ಟಾರ್ಚ್ ಕೆಳಗೆ ಬಿಡಿ ಸರ್. ನೋಡಿ."

ಬಿಟ್ಟರು. ನೀರಿನ ಮೇಲೆ ಎರಡು ಕೆಂಡ ಹೊತ್ತಿಕೊಂಡವು. ಅಧ್ಯಕ್ಷರು ನೋಡಿದರು. ಅವರು ನೋಡಿದರು ಅನ್ನೋದನ್ನು ಇವಳೂ ನೋಡಿದಳು.

"ಇಲ್ಲ ಅಂದೆನಲ್ಲ," ಅಂದರು. ಕಿಟಕಿ ಮುಚ್ಚಿತು. ಚಿಲಕ... ಟಕ್.

ಈ ಕತೆಯಲ್ಲಿ ನನಗೆ ಭಯ ಆಗೋದು ಅಲ್ಲಿ ನೋಡಿ. ದೆವ್ವಕ್ಕಲ್ಲ.

ಮತ್ತೆ ಕಗ್ಗತ್ತಲು. ಮಗು ಅಳುತ್ತಿತ್ತು. ಎರಡೂ ಕೈಯಲ್ಲಿ ಸರಳು ಹಿಡಿದು ಹಿಡಿದು ಇವಳ ಬೆರಳು ಮರಗಟ್ಟಿದವು. ಕೆಳಗೆ ಆಗಾಗ ಗುಳುಕ್... ಮತ್ತೆ ಸರ್ರ್... ಇನ್ನು ಆಗಲ್ಲ, ಬಿದ್ದೆ ಅಂದುಕೊಂಡಾಗ ಸೊಂಟದ ಸುತ್ತ ಏನೋ ತಣ್ಣಗೆ ಹರಿಯಿತಂತೆ. ಹಾವು ಅಂದುಕೊಂಡು ಉಸಿರು ಬಿಗಿಹಿಡಿದಳು. ಅದು ಬಿಗಿಯಾಯಿತು. ಮಗುವನ್ನೂ ಸೇರಿಸಿ ಬಿಗಿಯಾಯಿತು. ಹಿಂದಿನಿಂದ ಯಾರೋ ಹಲ್ಲಲ್ಲಿ ದಾರ ಕಡಿದ ಹಾಗೆ ಸಣ್ಣ ಸದ್ದು, ಕಟ್... ಮಗು ಅಳು ನಿಲ್ಲಿಸಿತು. ಇವಳಿಗೂ ಜೋಂಪು ಹತ್ತಿತು. ಅಂಥಾ ಜಾಗದಲ್ಲಿ.

ಬೆಳಗಾದಾಗ ದೋಣಿಯವರು ಬಂದರು. ತಾಯಿ ಮಗು ಇಬ್ಬರೂ ಗೇಟಿಗೆ ಕಟ್ಟಿಸಿಕೊಂಡು ನಿದ್ದೆ ಮಾಡುತ್ತಿದ್ದರು.

"ಯಾರಮ್ಮಾ ನಿನ್ನ ಕಟ್ಟಿದ್ದು?" ಅಂದ ಒಬ್ಬ.

"ನಮ್ಮ ಬೀದಿಯವರೇ," ಅಂದಳು ಇವಳು.

ಅವನು ಹಗ್ಗ ನೋಡಿದ, ಅವಳ ಬೆನ್ನು ನೋಡಿದ. ಗಂಟು ಇದ್ದದ್ದು ಮಗುವಿನ ಹಿಂದೆ, ನೀರಿನ ಕಡೆ. ಅಲ್ಲಿ ನಿಂತು ಕಟ್ಟಬೇಕು ಅಂದರೆ ನೀರಲ್ಲಿ ನಿಲ್ಲಬೇಕು. ಆಲದ ಮರದಿಂದ ಗೇಟಿನವರೆಗೆ ಒಂದು ಎಳೆ ಹಗ್ಗವೂ ಇರಲಿಲ್ಲ. ಇದ್ದದ್ದು ಇವರಿಬ್ಬರ ಸುತ್ತ ಬರುವಷ್ಟೇ, ಅಳತೆ ತೆಗೆದ ಹಾಗೆ.

ದೋಣಿಯಲ್ಲಿ ನಿಂತೇ ಇವಳು ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು, ಮೊಸಳೆ ಇದೆ ಅಂತ. ಹೊಲಿಗೆ ಅತ್ತೆ ಜಾರಿ ಬೀಳಲಿಲ್ಲ ಅಂತ. ಹಗ್ಗ ಕತ್ತರಿಸಿದವರು ಯಾರು ಅಂತ. ಒಂದೊಂದೇ ಕಿಟಕಿ ತೆರೆಯಿತು. ಮಹಡಿ ಮನೆಯದು ಮಾತ್ರ ತೆರೆಯಲಿಲ್ಲ. ಸಂಜೆಯೊಳಗೆ ಅರಣ್ಯ ಇಲಾಖೆಯವರು ಬಂದು ಮೊಸಳೆಯನ್ನು ಹಿಡಿದು ಒಯ್ದರು. ಹನ್ನೊಂದು ಅಡಿ ಇತ್ತು. ಇಲ್ಲದ ಮೊಸಳೆ.

ದೋಣಿಯವರು ಕೊಯ್ದ ಹಗ್ಗದ ಒಂದು ಸುತ್ತು ಆ ಗೇಟಿನ ಸರಳಿನಲ್ಲೇ ಉಳಿದಿದೆ. ಬಿಚ್ಚೋಕೆ ಬಂದ ಆಳು ಮುಟ್ಟಿ ಕೈ ಒರೆಸಿಕೊಂಡು ಹೋದನಂತೆ. ಅಧ್ಯಕ್ಷರು ಈಗ ಹಿಂಬಾಗಿಲಿಂದ ಓಡಾಡುತ್ತಾರೆ.

ನಂಬದಿದ್ದರೆ ಬಿಡಿ, ನಿಮ್ಮಿಷ್ಟ. ಉರಿ ಬೇಸಿಗೆಯಲ್ಲಿ, ಕೆರೆ ಬತ್ತಿ ಬಿರುಕು ಬಿಟ್ಟಿದ್ದಾಗ, ನಾನೇ ಹೋಗಿ ಆ ಹಗ್ಗ ಮುಟ್ಟಿ ನೋಡಿದ್ದೀನಿ.

ಒದ್ದೆ ಇತ್ತು. ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು.