ಅಜ್ಜಿಗೆ ಹಾಕಿದ ಕನ್ನಡಕ

ಇದು ಕಟ್ಟಿದ ಕತೆ ಅಲ್ಲ ಕಣ್ರೀ. ಚೇಳೂರಲ್ಲಿ ಫೋಟೊ ಸ್ಟುಡಿಯೊ ಇಟ್ಟಿರೋ ನಮ್ಮ ಚಿಕ್ಕಮ್ಮನ ಮಗ ಗುರುಪ್ರಕಾಶನಿಗೆ ಹೋದ ಕಾರ್ತಿಕದಲ್ಲಿ ಆದದ್ದು. ರಾತ್ರಿ ಒಂಬತ್ತೂವರೆ. ಆಲದಮರದ ರಸ್ತೇಲಿ ಒಬ್ಬನೇ ನಡ್ಕೊಂಡು ಬರ್ತಿದ್ದ... ಎಡಗೈಲಿ ಮೊಬೈಲ್ ಟಾರ್ಚು, ಬಲಗಣ್ಣಿಗೆ ಒತ್ತಿ ಹಿಡಿದ ಕ್ಯಾಮೆರಾ. ಕನ್ನಡಕ ಇಲ್ಲದಿದ್ರೆ ಅವನಿಗೆ ಎಲ್ಲಾ ಮಂಜು. ಕ್ಯಾಮೆರಾದಲ್ಲಿ ಕಣ್ಣಿಡೋ ಕಿಂಡಿ ಪಕ್ಕ ಸಣ್ಣ ಚಕ್ರ ಇರುತ್ತೆ. ಅದನ್ನ ತನ್ನ ಪವರ್‌ಗೆ ತಿರುಗಿಸಿಟ್ಟಿದ್ದರಿಂದ ಅದರೊಳಗೆ ಮಾತ್ರ ದಾರಿ ಕಾಣ್ತಿತ್ತು. ಬೈಕನ್ನ ಸಾವಿನ ಮನೆ ಮುಂದೇನೇ ಬಿಟ್ಟು ಬಂದಿದ್ದ.

ಕನ್ನಡಕ ಎಲ್ಲಿ ಅಂತೀರಾ? ಮಣ್ಣೊಳಗೆ. ಆವತ್ತು ಚನ್ನವೀರಯ್ಯನವರ ತಾಯಿ ಸರ್ವಮಂಗಳಜ್ಜಿ ಲಿಂಗೈಕ್ಯರಾಗಿದ್ರು. ಅಜ್ಜೀನ ಕುರ್ಚೀಲಿ ಕೂರಿಸಿ, ವಿಭೂತಿ ಹಚ್ಚಿ, ಸುತ್ತ ಮಕ್ಕಳು ಮೊಮ್ಮಕ್ಕಳು ನಿಂತ್ಕೊಂಡು ಕೊನೇ ಗ್ರೂಪ್ ಫೋಟೊ. ಕನ್ನಡಕ ಹಾಕ್ಕೊಂಡು ಕಿಂಡಿಗೆ ಕಣ್ಣಿಟ್ರೆ ಫ್ರೇಮಿನ ಮೂಲೆಗಳು ಕಾಣಲ್ಲ, ಅಂಚಲ್ಲಿ ಯಾರದೋ ತಲೆ ಹೊರಗುಳಿಯುತ್ತೆ. ಅದಕ್ಕೇ ಬಿಚ್ಚಿ, ಅಜ್ಜಿ ಕುರ್ಚಿ ಕೈ ಮೇಲಿಟ್ಟು ಹಿಂದೆ ಬಂದ. ಕಣ್ಣಿಟ್ಟು ನೋಡ್ತಾನೆ... ಕನ್ನಡಕ ಅಜ್ಜಿ ಮುಖದ ಮೇಲಿದೆ! ಅಜ್ಜೀದೇ ಅಂದ್ಕೊಂಡು ಮಗಳು ಅರುಣಾ ತೊಡಿಸಿ, ತಬ್ಬಿಕೊಂಡು ಅಳ್ತಿದ್ಲು. ಅಷ್ಟು ಜನರೆದುರು ಹೆಣದ ಮುಖದಿಂದ ಕಿತ್ಕೊಳ್ಳೋದು ಹೆಂಗೆ? ಆಮೇಲೆ ಕೇಳೋಣ ಅಂದ್ಕೊಂಡ. ಮನೆಹಾಳು ನಾಚಿಕೆ ಅವನದು. ಭಜನೆ, ನೂಕಾಟ, ಮೆರವಣಿಗೆ... ಬಾಯೇ ಬರಲಿಲ್ಲ. ಕನ್ನಡಕದ ಸಮೇತ ಗುಣಿಯಲ್ಲಿ ಕೂರಿಸಿ ಮಣ್ಣು ಮುಚ್ಚಿದ್ರು. ಮನೇವರೆಗೂ ಬಿಟ್ಟು ಬನ್ನಿ ಅಂತ ಕೇಳೋಕೂ ನಾಚಿಕೊಂಡು ನಡೆದೇ ಹೊರಟ.

ಆಲದಮರದ ಬುಡದಲ್ಲೇ ಬಾವಿ. ಅಲ್ಲಿಗೆ ಬಂದಾಗ ಕ್ಯಾಮೆರಾ ಪೀಪ್‌ಪೀಪ್ ಅಂತು. ಫೋಕಸ್ ಸಿಕ್ಕಿದ ಶಬ್ದ. ಇವನು ಬಟನ್ ಒತ್ತಿರಲಿಲ್ಲ... ಕಿಂಡಿಯ ಎಡಮೂಲೇಲಿ ಯಾರೋ ಕೂತಿದ್ರು.

ಕ್ಯಾಮೆರಾ ಇಳಿಸಿದ. ಬರೀ ಮಂಜು. ಕಾಲ ಕೆಳಗಿನ ಕಲ್ಲೊಂದು ಜಾರಿತು... ಸ್ವಲ್ಪ ಹೊತ್ತಾದ ಮೇಲೆ ಗುಳುಂ ಅಂತ ನೀರಿಗೆ ಬಿತ್ತು. ಆ ಬಾವಿಗೆ ಕಟ್ಟೆ ಇಲ್ಲ. ಕಿಂಡಿ ಬಿಟ್ರೆ ಬಾವಿ, ಕಿಂಡಿಗೆ ಕಣ್ಣಿಟ್ರೆ ಅದು. ಪಾಪ, ಏನ್ ಮಾಡ್ತಾನೆ? ಮತ್ತೆ ಕಣ್ಣಿಟ್ಟ. ಈಗ ನಟ್ಟನಡುವೆ ಕೂತಿತ್ತು. ಜರ್ರ್ ಅಂತ ಲೆನ್ಸ್ ತಿರುಗಿತು. ಅದು ಇನ್ನೂ ಹತ್ತಿರ. ಹಣೆ ತುಂಬ ವಿಭೂತಿ. ಮೂಗಿನ ಮೇಲೆ ಅವನ ಕನ್ನಡಕ.

"ಅಜ್ಜೀ... ಬುಟ್ಬುಡಜ್ಜೀ," ಅಂದ.

"ಇದ್ರಲ್ಲಿ ಏನೂ ಕಾಣ್ತಿಲ್ಲ ಕಣೋ," ಅಂತು ಅದು. ಕಿವಿ ಹತ್ತಿರಾನೇ.

ಕಿತ್ತೆಸೆಯೋಣ ಅಂದ್ರೆ ಕ್ಯಾಮೆರಾ ಬರಲಿಲ್ಲ. ಕಿಂಡಿಯ ರಬ್ಬರು ಪಚಕ್ ಅಂತ ಕಣ್ಣಿಗೆ ಕಚ್ಕೊಂಡುಬಿಡ್ತು. ಎರಡೂ ಕೈಲಿ ಎಳೆದ... ಇಲ್ಲ. ಒಳಗಡೆ ಕತ್ತಲಾಯ್ತು. ಆ ಕಡೆಯಿಂದ ಒಂದು ರೆಪ್ಪೆ ಬಡಿದು ಅವನ ರೆಪ್ಪೆಗೆ ತಗುಲಿತು.

ಬೆಳಗ್ಗೆ ಹಾಲಿನವರು ನೋಡಿದಾಗ ಬಾವಿ ಅಂಚಲ್ಲಿ ನೆಟ್ಟಗೆ ಕೂತಿದ್ದ. ಹೆಂಡತಿ ಪಲ್ಲವಿ ತುಮಕೂರಿಗೆ ಕರ್ಕೊಂಡು ಹೋದ್ಲು, ಹೊಸ ಕನ್ನಡಕ ಮಾಡಿಸೋಕೆ. ಡಾಕ್ಟ್ರು ಬಲಗಣ್ಣಿಗೆ ಲೈಟ್ ಬಿಟ್ಟು ನೋಡಿ, "ಪೊರೆ ಆಪರೇಷನ್ ಚೆನ್ನಾಗಿ ಆಗಿದೆ. ಎಲ್ಲಿ ಮಾಡಿಸಿದ್ರಿ?" ಅಂದ್ರು.

ಅವನಿಗಿನ್ನೂ ಮೂವತ್ತನಾಲ್ಕು. ಕಣ್ಣಿಗೆ ಒಂದು ಹನಿ ಔಷಧಿ ಬಿಟ್ಕೊಂಡವನಲ್ಲ. ಹೋದ ವರ್ಷ ಗುಬ್ಬಿಯ ಕಣ್ಣಿನ ಕ್ಯಾಂಪಲ್ಲಿ ಬಲಗಣ್ಣಿನ ಪೊರೆ ತೆಗೆಸ್ಕೊಂಡಿದ್ದು ಸರ್ವಮಂಗಳಜ್ಜಿ. ಸುಳ್ಳು ಹೇಳಿ ನಂಗೇನಾಗ್ಬೇಕು? ತುಮಕೂರಿನ ಡಾಕ್ಟ್ರು ಗುರುಪ್ರಕಾಶನಿಗೆ ಬರೆದುಕೊಟ್ಟ ಚೀಟಿ ನಾನೇ ಓದಿದೀನಿ. ಬಲಗಣ್ಣು, ಲೆನ್ಸ್ ಹಾಕಲಾಗಿದೆ ಅಂತಾನೇ ಬರೆದಿದೆ.