ಮೂರನೇ ಸಾಲಿನ ಲಯ

ಅಲ್ಲ ಪ್ರಿಯದರ್ಶಿನಿ, ಹೋದ ವರ್ಷದ ಕಾವ್ಯವಾಚನದ ಅಂಕ ಕೇಳೋಕೆ ಭದ್ರಾವತಿಯಿಂದ ಬಸ್ ಹತ್ತಿ ದುರ್ಗಿಗುಡಿಗೆ, ಮೇಷ್ಟ್ರ ಮನೆಗೇ ಬಂದ್ಯಲ್ಲ! ಮೂರನೇ ಸಾಲಲ್ಲಿ ಲಯ ತಪ್ಪಿದೆ, ಅಂಕ ಕಳೆದೆ. ನಿಂಗೆ ಮೈಸೂರಿನ ಸ್ಪರ್ಧೆ ತಪ್ಪಿತು, ನಿಜ. ನಾನೇನು ಮಾಡ್ಲಿ? ನಾಡಿದ್ದಿನ ಸ್ಪರ್ಧೆಗೂ ತೀರ್ಪುಗಾರ ನಾನೇ... ಯಾಕೆ ಹಾಗೆ ನೋಡ್ತೀಯ? ಈ ಷಡಕ್ಷರಪ್ಪ ಮೂವತ್ತು ವರ್ಷದಿಂದ ಇಂಗ್ಲಿಷ್ ಪದ್ಯ ಪಾಠ ಮಾಡ್ತಿದ್ದಾನೆ ಮಾರಾಯ್ತಿ!

ಸರಿ, ಅದೇ ಪದ್ಯ ಓದು. ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ತೀಯಾ? ಮಾಡ್ಕೊ. ಪುಸ್ತಕ ಅಡ್ಡ ಹಿಡೀಬೇಡ, ಮುಖ ಕಾಣಬೇಕು. ತೋರುಬೆರಳು ಎತ್ತಿ ಇಳಿಸು, ನಂಗೆ ಕಾಣೋ ಹಾಗೆ. ಲಘು, ಗುರು. ಲಘು, ಗುರು. ಸಾಲಿಗೆ ಐದು ಸಲ... ಏನು, ಒಳಗೆ ನೋಡ್ತೀಯ? ಕುಕ್ಕರಾ? ಕೇಳಿಸ್ತು, ಕೇಳಿಸ್ತು! ನಮ್ಮ ಮನೆಯವಳು ಇಳಿಸ್ತಾಳೆ ಬಿಡು.

ಹ್ಞಾ, ನಿಲ್ಲು. ನಾವಿಕನ ಹೆಂಡತಿ ಕಿಟಕೀಲಿ ದೀಪ ಇಡ್ತಾಳಲ್ಲ, ಅದು ಬರೀ ದೀಪವಾ? ...ಸರಿಯಾಗಿ ಹೇಳ್ದೆ! ಅವಳು ಕಾಯೋದಕ್ಕೆ ಅದು ಸಂಕೇತ. ಸಮುದ್ರ ಹಸುವಿನ ಹಾಗೆ ದಡ ಮೇಯುತ್ತೆ ಅಂದದ್ದು? ...ಉಪಮೆ. ಭೇಷ್! ಯಾಕೆ ನಗ್ತೀಯ? ತಲೆ ಇದೆ ನಿಂಗೆ, ಇಲ್ಲ ಅಂದೋರ್ಯಾರು? ಲಯ ಮಾತ್ರ... ಓದು, ಮುಂದೆ ಓದು.

ಆಹಾ! ಮೂರನೇ ಸಾಲು ಈಗ ನೋಡು, ಐದಕ್ಕೆ ಐದೂ ಬಿತ್ತು! ಪ್ರಾಸ ಎಷ್ಟು ಇಂಪಾಗಿ ಕೇಳಿಸ್ತು! ಧ್ವನಿ ಅಂದ್ರೆ ಇದು! ಹೋದ ವರ್ಷವೂ ಹೀಗೇ ಓದಿದ್ರೆ...

ಯಾಕೆ, ಕಣ್ಣಲ್ಲಿ ನೀರು? ಫೋನ್ ಯಾಕೆ ಈ ಕಡೆ ತಿರುಗಿಸ್ತೀಯ? ಹ್ಞೂ, ರೆಕಾರ್ಡ್ ಆದ ಧ್ವನಿಯ ಗೆರೆ, ಗೊತ್ತು. ನಾನು ಮಾತಾಡಿದ ಕಡೆ ಎಲ್ಲ ಕುಣಿದಿದೆ... ಇಲ್ಲಿ ಯಾಕೆ ನೆಟ್ಟಗಿದೆ? ಇಲ್ಲಿ ನೀನು ಓದ್ತಿದ್ದೆ ಅಲ್ವಾ? ಮೂರನೇ ಸಾಲು...

ಬರೀ ತುಟಿ ಆಡಿಸಿದ್ಯಾ?

ಬಾಗಿಲು ಮುಂದೆ ಮಾಡು. ನಮ್ಮ ಮನೆಯವಳು ಮಹಾಂತಮ್ಮನ ಬಿಟ್ರೆ ಯಾರಿಗೂ ಗೊತ್ತಿಲ್ಲ. ಇನ್ನೆರಡು ವರ್ಷ ಸರ್ವೀಸ್ ಇದೆ. ಕಿವಿ ಕೇಳಲ್ಲ ಅಂತ ಗೊತ್ತಾದ್ರೆ ಕ್ಲಾಸಿಂದ ಎಬ್ಬಿಸಿ ಆಫೀಸಲ್ಲಿ ಕೂರಿಸ್ತಾರೆ. ನಂಗೆ ಪದ್ಯ ಬಿಟ್ಟು ಬೇರೆ ಏನು ಬರುತ್ತೆ ಹೇಳು? ...ಹೇಳು. ಬೈಯಿ ಬೇಕಾದ್ರೆ. ತುಟಿ ನೋಡಿದ್ರೆ ಗೊತ್ತಾಗುತ್ತೆ ನಂಗೆ.

ಹೋದ ವರ್ಷ ನೀನು ಲಯ ತಪ್ಪಿರಲಿಲ್ಲ. ಮೂರನೇ ಸಾಲು ಬರೋ ಹೊತ್ತಿಗೆ ನೀನು ಕೈ ಬೆನ್ನ ಹಿಂದೆ ಕಟ್ಕೊಂಡೆ, ಮಗಳೇ. ನಂಗೆ ಬೆರಳು ಕಾಣಲಿಲ್ಲ.