ಇಲಿಗಳು ಕಾಯ್ತವೆ

ಪ್ರಯೋಗದಲ್ಲಿ ಸತ್ತ ಇಲಿಗಳ ಸ್ಮಾರಕಶಿಲೆಗೆ ಕ್ಯೋಟೋದ ಒಂದು ಸಂಶೋಧನಾಲಯದವರು ವರ್ಷಕ್ಕೊಮ್ಮೆ ಹೂವಿಡುತ್ತಾರೆ. ಸೇವಂತಿಗೆ ಹಿಡಿದು ಸಾಲಿನಲ್ಲಿ ನಿಂತಿದ್ದ ಅಲ್ಲಿನ ವಿದ್ಯಾರ್ಥಿನಿ ಚಿಗುಸಾಳ ಮುಂದೆ ಇಬ್ಬರು ಮಾತಾಡುತ್ತಿದ್ದರು: ಅಲ್ಲೇ ಇಲಿಗಳನ್ನು ಸಾಕಿ ನಿವೃತ್ತರಾದ ಕುರಾತಾ, ಮತ್ತು ಒಬ್ಬ ಅಜ್ಜಿ.

“ಇಲ್ಲಿ ಕಂಡುಹಿಡಿದಿದ್ದಕ್ಕೆ ಪ್ರಶಸ್ತಿ ಬಂತಲ್ಲ, ಆ ಔಷಧದಿಂದ್ಲೇ ನನ್ನ ಕ್ಯಾನ್ಸರ್ ಕರಗಿದ್ದು. ಅದಕ್ಕೇ ಹೂ ತಂದೆ.”

“ಪ್ರಶಸ್ತಿ ದೊಡ್ಡೋರಿಗೆ, ಕಲ್ಲು ಇಲಿಗಳಿಗೆ. ನನಗೆ ಸಿಕ್ಕಿದ್ದು ಅವು ಕಚ್ಚಿದ ಗಾಯ.”

“ಆ ಔಷಧ ಮೈ ಕಾಯೋ ರಕ್ತಕಣಗಳ ಬ್ರೇಕ್ ತೆಗೆಯುತ್ತಂತೆ, ಹೌದಾ?”

“ಹೂಂ. ಹುಟ್ಟಿನಿಂದ್ಲೇ ಆ ಬ್ರೇಕ್ ಇಲ್ಲದ ಇಲಿಗಳ್ನ ಸಾಕಿದೀನಿ. ಮೊದಮೊದ್ಲು ಚೆನ್ನಾಗೇ ಇರ್ತಿದ್ವು. ಆಮೇಲೆ ಕೆಲವುಗಳಲ್ಲಿ ಆ ಕಣಗಳು ಇಲಿಯ ಹೃದಯಾನೇ ತಿನ್ನೋಕೆ ಶುರುಮಾಡೋವು.”

“ಅಯ್ಯೋ! ನಿಮಗೆ ಹೇಗೆ ಗೊತ್ತಾಗ್ತಿತ್ತು?”

“ಮಲಗ್ತಿರ್ಲಿಲ್ಲ. ಮೂಗು ಮೇಲೆತ್ತಿ, ಕೂತೇ ನಿದ್ದೆ ಮಾಡೋವು.”

“ನಾನೂ ಹಾಗೇ!” ಅಜ್ಜಿ ನಕ್ಕರು. “ಮೂರು ದಿನದಿಂದ ಮಲಗಿದ್ರೆ ಉಸಿರು ಕಟ್ಟುತ್ತೆ. ವಯಸ್ಸಾಯ್ತು ನೋಡಿ.”

ಕುರಾತಾ ನಗಲಿಲ್ಲ. ಅಜ್ಜಿಯ ಊದಿಕೊಂಡಿದ್ದ ಪಾದಗಳನ್ನೇ ನೋಡಿದರು.

“ಆ ಔಷಧದ ಮುಂದಿನ ಇಂಜೆಕ್ಷನ್ ಯಾವತ್ತು, ಅಜ್ಜಿ?”

“ಇವತ್ತೇ. ಹೂವಿಟ್ಟು ಸೀದಾ ಆಸ್ಪತ್ರೆಗೇ ಹೋಗೋದು.”

“ಇವತ್ತು ಚುಚ್ಚಿಸ್ಕೋಬೇಡಿ. ಈಗ್ಲೇ ಡಾಕ್ಟರಿಗೆ ಹೃದಯ ತೋರಿಸೋಣ. ನಡೀಬೇಡಿ, ಗಾಲಿಕುರ್ಚಿ ತರಿಸ್ತೀನಿ.”

“ಹೂವಿಡೋದು ಬಾಕಿ ಇದೆಯಲ್ಲ?”

“ಇಲಿಗಳು ಕಾಯ್ತವೆ.”

ಕುರ್ಚಿ ಬಂತು. ಅಜ್ಜಿ ತಮ್ಮ ಹೂವನ್ನು ಚಿಗುಸಾಳ ಕೈಗಿತ್ತು ಕೂತರು. ಕುರಾತಾ ಕುರ್ಚಿಯನ್ನು ಆಸ್ಪತ್ರೆಯತ್ತ ಅವಸರದಿಂದ ತಳ್ಳಿದರು.

“ಕಾಯ್ತವೆ ಅಂದ್ರಲ್ಲ, ಯಜಮಾನ್ರೇ,” ಅಜ್ಜಿಯ ದನಿ ಕೇಳಿಸಿತು, “ನನಗೋಸ್ಕರ ಕಾಯ್ತವೋ, ನನ್ನನ್ನ ಕಾಯ್ತವೋ?”

ಕುರಾತಾ ಉತ್ತರಿಸಿದ್ದು ಚಿಗುಸಾಳಿಗೆ ಕೇಳಿಸಲಿಲ್ಲ. ತಿರುವಿನಲ್ಲಿ ಅವಳಿಗೆ ಕಂಡದ್ದು ಇಷ್ಟೇ: ಅಜ್ಜಿ ಕಣ್ಣು ಮುಚ್ಚಿ, ಮೂಗು ಮೇಲೆತ್ತಿ ಕೂತಿದ್ದರು.